ಬೀಗರ ಆತ್ಮಕಥೆ

ಸಂಸಾರಸ್ಥರೆಲ್ಲರಂತೆ ನಾನೂ ಸುಳ್ಳು ಹೇಳಬಲ್ಲೆ. ಗೃಹಪ್ರವೇಶಕ್ಕೆ ಕರೆದವರ ಮನೆಯ ನೇರಳೆ ಬಣ್ಣದ ಗೋಡೆ ನೋಡಿ ಕಣ್ಣಿಗೆ ತಂಪಾಯಿತು ಎಂದಿದ್ದೇನೆ. ಉಪ್ಪಿಲ್ಲದ ಬ್ಯಾಳಿ ಸಾರನ್ನು ಹೊಗಳಿ, ಆ ಹೊಗಳಿಕೆಯ ಶಿಕ್ಷೆಯೆಂಬಂತೆ ಎರಡನೆಯ ಸಲ ಹಾಕಿಸಿಕೊಂಡು ಉಂಡಿದ್ದೇನೆ. ಆಗತಾನೆ ಹುಟ್ಟಿದ ಕೂಸೊಂದು ಯಾರನ್ನೂ ಹೋಲದೆ ಬರೀ ಕೂಸನ್ನೇ ಹೋಲುತ್ತಿದ್ದರೂ, ಥೇಟ್ ಅಜ್ಜನ ಮೂಗು ಎಂದು ಹೇಳಿ ಅಜ್ಜನ ಕೈಯಿಂದಲೇ ಪೇಢೆ ತಿಂದಿದ್ದೇನೆ. ಆದರೆ ಒಂದು ಪುಸ್ತಕವನ್ನು ಕೈಗೆ ಕೊಟ್ಟು ಹೇಗಿದೆ ಎಂದು ಕೇಳಿದರೆ ಮಾತ್ರ ನನ್ನ ನಾಲಿಗೆ ನನ್ನ ಹತೋಟಿಯಲ್ಲಿರುವುದಿಲ್ಲ. ಇದು ಸತ್ಯಸಂಧತೆಯಲ್ಲ, ಒಂದು ಬಗೆಯ ಅಂಗವೈಕಲ್ಯ ಎಂದು ನಮ್ಮ ಮನೆಯವರು, ಅಂದರೆ ನನ್ನ ಗಂಡ, ಹೇಳುತ್ತಾರೆ. ಅವರು ದಿನಪತ್ರಿಕೆ ಬಿಟ್ಟು ಬೇರೇನನ್ನೂ ಓದುವುದಿಲ್ಲವಾದ್ದರಿಂದ ಅವರ ಸಾಮಾಜಿಕ ಸಂಬಂಧಗಳು ಬಹಳ ಆರೋಗ್ಯವಾಗಿವೆ.

ಹೈದರಾಬಾದಿನಲ್ಲಿದ್ದುಕೊಂಡು ಕನ್ನಡ ಪುಸ್ತಕ ಓದುವುದು ಸುಲಭದ ಕೆಲಸವಲ್ಲ. ನಮ್ಮ ಹಿರಿಯರು ಕಲಬುರಗಿ ಕಡೆಯಿಂದ ಇಲ್ಲಿಗೆ ಸರ್ಕಾರಿ ನೌಕರಿಗೆ ಬಂದವರು. ಮನೆಯಲ್ಲಿ ಕನ್ನಡ, ಕೆಳಗಿನ ಕಿರಾಣಿ ಅಂಗಡಿಯಲ್ಲಿ ತೆಲುಗು, ಆಟೋದಲ್ಲಿ ಹಿಂದಿ, ಸಿಟ್ಟು ಬಂದಾಗ ಮೂರೂ. ನಾನು ನಾಂಪಲ್ಲಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿ ನಿವೃತ್ತಳಾದೆ. ಈಗ ಮೆಹದಿಪಟ್ಟಣದ ಮನೆಯಲ್ಲಿ ಕುಳಿತು ಓದುತ್ತೇನೆ. ಪುಸ್ತಕಗಳು ಬರುವುದು ಊರಿನಿಂದ, ಬಂಧುಗಳ ಕೈಚೀಲದಲ್ಲಿ, ಗರಿಗರಿ ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಜೊತೆಗೆ. ಆದ್ದರಿಂದ ನನ್ನ ಸಂಗ್ರಹದಲ್ಲಿ ಎಣ್ಣೆಯ ಕಲೆ ಇಲ್ಲದ ಪುಸ್ತಕ ಕಡಿಮೆ. ಒಂದು ಗಂಭೀರ ವಿಮರ್ಶಾ ಗ್ರಂಥವನ್ನಂತೂ ಇಂದಿಗೂ ತೆರೆದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ, ಬೇರೆ ಕಾರಣಕ್ಕೆ ಅದನ್ನು ಯಾರೂ ತೆರೆಯುವುದಿಲ್ಲ. ಇನ್ನೊಂದು ತೊಂದರೆಯೆಂದರೆ, ಈ ಊರಿನಲ್ಲಿ ಕನ್ನಡ ಓದುವವರಿಗಿಂತ ಬರೆಯುವವರು ಹೆಚ್ಚು. ನಿವೃತ್ತರಾದ ಕೂಡಲೇ ಅರ್ಧ ಮಂದಿ ಮೊಣಕಾಲಿನ ಔಷಧ ಹುಡುಕುತ್ತಾರೆ, ಉಳಿದ ಅರ್ಧ ಮಂದಿ ಮುದ್ರಕರನ್ನು ಹುಡುಕುತ್ತಾರೆ. ಓದುವವಳು ಒಬ್ಬಳಿದ್ದಾಳೆ ಎಂದು ಸುದ್ದಿಯಾದರೆ ಅವರೆಲ್ಲ ನೇರವಾಗಿ ಅವಳ ಮನೆಗೇ ಬರುತ್ತಾರೆ.

ಇತ್ತೀಚೆಗೆ ಓದಿದವುಗಳ ಮಾತನ್ನೇ ಹೇಳುತ್ತೇನೆ. ಎಲ್ಲರೂ ಕೊಂಡಾಡುತ್ತಿದ್ದ ಒಂದು ದಪ್ಪ ಕಾದಂಬರಿ ಓದಿದೆ. ನಾಯಕ ಬಹಳ ವರ್ಷಗಳ ಮೇಲೆ ಊರಿಗೆ ಬಂದು ಕಿಟಕಿಯ ಹತ್ತಿರ ನಿಲ್ಲುತ್ತಾನೆ. ನಿಂತವನು ನೂರು ಪುಟ ನಿಂತೇ ಇದ್ದಾನೆ. ಕಿಟಕಿಯ ಸರಳಿಗೆ ಹಿಡಿದ ತುಕ್ಕನ್ನು ಲೇಖಕರು ಎಷ್ಟು ಚೆನ್ನಾಗಿ ವರ್ಣಿಸಿದ್ದರೆಂದರೆ, ನಾನು ಎದ್ದು ಹೋಗಿ ನಮ್ಮ ಕಿಟಕಿಗಳನ್ನು ನೋಡಿ ಬಂದೆ. ಆದರೂ ಆ ಮನೆಯಲ್ಲಿ ಯಾರಾದರೂ ಒಬ್ಬರು ಬಂದು, ತಮ್ಮಾ, ಸುಮ್ಮನೆ ನಿಂತಿದ್ದೀಯಲ್ಲ, ಎರಡು ಕಟ್ಟು ಕೊತ್ತಂಬರಿ ತಂದುಕೊಡು ಎಂದು ಹೇಳಬಾರದೇ ಎನ್ನಿಸುತ್ತಿತ್ತು. ಕೊನೆಯವರೆಗೂ ಯಾರೂ ಹೇಳಲಿಲ್ಲ. ಅದಾದ ಮೇಲೆ ಒಬ್ಬ ಹುಡುಗಿ ಬರೆದ ತೆಳ್ಳನೆಯ ಕಾದಂಬರಿ. ಹಾಸ್ಟೆಲಿನಲ್ಲಿ ಮೂವರು ಗೆಳತಿಯರು, ಒಬ್ಬಳು ಇನ್ನೊಬ್ಬಳ ಚಪ್ಪಲಿ ಹಾಕಿಕೊಂಡು ಹೋಗಿದ್ದಕ್ಕೆ ಶುರುವಾದ ಜಗಳ ಬದುಕಿನುದ್ದಕ್ಕೂ ಬೆಳೆಯುತ್ತದೆ. ಒಂದೇ ಮಧ್ಯಾಹ್ನ ಓದಿ ಮುಗಿಸಿದೆ. ಅದು ಎಷ್ಟು ಹಠಾತ್ತನೆ ಮುಗಿಯಿತೆಂದರೆ, ಹಿಂಡಿಯ ಎಣ್ಣೆಗೆ ಎರಡು ಪುಟ ಅಂಟಿಕೊಂಡಿರಬೇಕೆಂದು ಉಗುರು ಹಾಕಿ ನೋಡಿದೆ. ಅಂಟಿರಲಿಲ್ಲ. ಚೆನ್ನಾದ ಪುಸ್ತಕ. ಬೆಳಗಿನ ಜಾವ ಏಳುವುದರ ಮಹಿಮೆಯನ್ನು ಸಾರುವ ಒಂದು ಪುಸ್ತಕವನ್ನು ಊಟವಾದ ಮೇಲೆ ಮಲಗಿಕೊಂಡು ಓದಿದೆ. ಬೇಗ ನಿದ್ದೆ ಬರಿಸುವ ವಿಷಯದಲ್ಲಿ ಅದು ಹೇಳಿದ್ದನ್ನು ಸಾಧಿಸಿತು. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಕಾಗೆಗಳ ಮೇಲಿನ ಒಂದು ಪುಸ್ತಕ. ಬರೆದವರು ತಮ್ಮ ಮಹಡಿಯ ಮೇಲೆ ಕುಳಿತು ವರ್ಷಗಟ್ಟಲೆ ಕಾಗೆ ನೋಡಿದ್ದಾರೆ, ಕಂಡದ್ದನ್ನು ಹೇಳಿದ್ದಾರೆ, ಕಾಗೆಯ ಮೇಲೆ ವೇದಾಂತ ಹೇರಲು ಹೋಗಿಲ್ಲ. ಕಾಗೆಗಳ ಮಟ್ಟಿಗೆ ಅದೊಂದು ದೊಡ್ಡ ನಿರಾಳ.

ಈ ಬಗೆಯ ಅಭಿಪ್ರಾಯಗಳು ಪರವೂರಿನ ಲೇಖಕರ ಬಗ್ಗೆ ಇರುವವರೆಗೂ ಅಪಾಯವಿಲ್ಲ. ಹಿಂದೊಮ್ಮೆ ನಮ್ಮ ದೂರದ ಸಂಬಂಧಿಕರೊಬ್ಬರು ತಮ್ಮ ಕವನ ಸಂಕಲನ ಕೊಟ್ಟು ಹೇಗಿದೆ ಎಂದರು. ಮುಖಪುಟ ಚೆನ್ನಾಗಿದೆ ಎಂದೆ. ಒಳಗೆ ಹೇಗಿದೆ ಎಂದರು. ಒಳಗಿನ ಮುಖಪುಟವೂ ಚೆನ್ನಾಗಿದೆ ಎಂದೆ. ಅವರು ನಮ್ಮ ಮನೆಗೆ ಬರುವುದನ್ನು ಬಿಟ್ಟರು, ಅವರ ಮಗಳ ಮದುವೆಯ ಕರೆಯೋಲೆ ನಮ್ಮ ಪಕ್ಕದ ಮನೆಗೆ ಬಂತು, ನಮಗೆ ಬರಲಿಲ್ಲ. ಇದನ್ನು ನಾನು ಮರೆತಿದ್ದೆ. ನನ್ನ ತಂಗಿ ಸುಧಾ ಮರೆತಿರಲಿಲ್ಲ.

ಸುಧಾಳ ಮಗಳು ಸ್ನೇಹಾ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅದೇ ಬ್ಯಾಂಕಿನ ವಿನಯನೆಂಬ ಹುಡುಗನೂ ಅವಳೂ ತಾವೇ ಒಂದು ನಿರ್ಧಾರಕ್ಕೆ ಬಂದು, ಆಮೇಲೆ ಎರಡೂ ಮನೆಯ ಹಿರಿಯರು ತಾವೇ ನಿರ್ಧಾರ ಮಾಡುತ್ತಿದ್ದೇವೆಂದು ಅಂದುಕೊಳ್ಳುವಂತೆ ಎಲ್ಲ ವ್ಯವಸ್ಥೆ ಮಾಡಿದರು. ಹುಡುಗನ ಕಡೆಯವರೂ ನಮ್ಮ ಕಡೆಯ ಕನ್ನಡದವರೇ, ಕೂಕಟ್‌ಪಲ್ಲಿಯಲ್ಲಿ ಫ್ಲ್ಯಾಟ್ ಇದೆ, ಒಬ್ಬನೇ ಮಗ. ತಂದೆ ಬಸವಂತರಾಯರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರರಾಗಿ ಊರೂರು ತಿರುಗಿ ನಿವೃತ್ತರಾದವರು. ಸುಧಾಳ ಮನೆಗೆ ಹುಡುಗಿ ನೋಡಲು ಬಂದ ದಿನ ಎಲ್ಲವೂ ಸರಾಗವಾಗಿ ನಡೆಯಿತು. ಹುಡುಗ ಹುಡುಗಿ ಮೊದಲ ಸಲ ನೋಡಿದವರಂತೆ ನಾಚಿಕೊಂಡರು. ಆ ನಟನೆ ನನಗೆ ಹಿಡಿಸಿತು. ಎದ್ದು ಹೊರಡುವ ಹೊತ್ತಿಗೆ ಬಸವಂತರಾಯರು ತಮ್ಮ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು, ನೇರವಾಗಿ ನನ್ನ ಹತ್ತಿರ ಬಂದರು. ಅದು ಅವರ ಆತ್ಮಕಥೆ.

"ಅಕ್ಕಾರ, ನೀವು ಓದೋ ಮಂದಿ ಅಂತ ಕೇಳೀನಿ. ಮುಂದಿನ ಐತವಾರ ನೀವೆಲ್ಲ ನಮ್ಮನಿಗೆ ಬರೋರು ಇದ್ದೀರಿ. ಅಷ್ಟರಾಗ ಓದಿ ನಿಮ್ಮ ಅಭಿಪ್ರಾಯ ಹೇಳ್ರಿ. ಹೊಗಳಿಕಿ ಬ್ಯಾಡ. ಹೊಗಳೋರು ನನ್ನ ಕೈಕೆಳಗ ಭಾಳ ಮಂದಿ ಇದ್ರು."

ಅವರು ಲಿಫ್ಟಿನಲ್ಲಿ ಇಳಿದು ಹೋಗುವವರೆಗೂ ಸುಧಾ ನಗುತ್ತಲೇ ಇದ್ದಳು. ಬಾಗಿಲು ಹಾಕಿದ ಮೇಲೆ ನಗು ನಿಂತಿತು. ಅವಳು ನನ್ನ ಕೈಯಿಂದ ಆ ಪುಸ್ತಕವನ್ನು ಕಿತ್ತುಕೊಂಡು, ಓದುವುದೇ ಬೇಡ, ಓದದೆ ಹೊಗಳಿಬಿಡು ಎಂದಳು. ಓದಿದರೆ ತಾನೇ ನಿನಗೆ ಅಭಿಪ್ರಾಯ ಬರುವುದು ಎಂಬುದು ಅವಳ ವಾದ. ತರ್ಕದಲ್ಲಿ ದೋಷವಿರಲಿಲ್ಲ. ಆದರೆ ಕೈಗೆ ಬಂದ ಪುಸ್ತಕ ಓದದಿರುವುದು ನನ್ನಿಂದಾಗದು ಎಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ, ಚಲೋ ಐತಿ ಅಂತ ಮೂರು ಅಕ್ಷರ ಹೇಳಿದರೆ ಸಾಕು, ನಿನ್ನ ಕಾಲಿಗೆ ಬೀಳುತ್ತೇನೆ ಎಂದಳು. ಅವು ನಾಲ್ಕು ಅಕ್ಷರ ಎಂದು ನಾನು ತಿದ್ದಿದೆ. ಆ ಹೊತ್ತಿಗೆ ಅದನ್ನು ಹೇಳಬಾರದಿತ್ತು. ಅವಳು ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಪಾತ್ರೆ ತೊಳೆಯುವ ಹೆಂಗಸು ಇನ್ನೇನು ಬರುವವಳಿದ್ದರೂ.

ಸ್ನೇಹಾ ಮಾತ್ರ ನನ್ನ ಕಾಲಿಗೆ ಬೀಳುವ ಮಾತಾಡಲಿಲ್ಲ. ಮರುದಿನ ಬ್ಯಾಂಕಿನಿಂದ ನೇರವಾಗಿ ನಮ್ಮ ಮನೆಗೆ ಬಂದು, ಚಹಾ ಕುಡಿಯುತ್ತ, ಪುಸ್ತಕ ಎಷ್ಟು ಓದಾಯಿತು ಎಂದು ಕೇಳಿದಳು. ಆಮೇಲೆ ಸ್ವಲ್ಪ ತಡೆದು, "ದೊಡ್ಡವ್ವ, ವಿನಯ ಹೆಂಗ ಅಂತ ನನಗ ಗೊತ್ತೈತಿ. ಅವರ ಮನಿ ಹೆಂಗ ಅಂತ ಗೊತ್ತಿಲ್ಲ. ನೀ ಪುಸ್ತಕ ಓದಿದ್ರ ಅದು ತಿಳೀತೈತೇನು?" ಎಂದಳು. ನನ್ನ ಓದಿನಿಂದ ಯಾರಿಗಾದರೂ ಉಪಯೋಗವಾಗಬಹುದು ಎಂಬ ಸೂಚನೆ ಬಂದದ್ದು ಅದೇ ಮೊದಲು. ತಿಳಿಯದೇ ಏನು, ಒಂದು ಪುಸ್ತಕದಲ್ಲಿ ಮನುಷ್ಯನ ಮನೆತನವೆಲ್ಲ ಇರುತ್ತದೆ, ಓದಲು ಬರಬೇಕಷ್ಟೇ ಎಂದೆ. ಹೇಳುವಾಗ ನನ್ನ ಕನ್ನಡಕವನ್ನು ಒರೆಸಿಕೊಂಡೆ ಎಂದು ನೆನಪು.

ಓದಿದೆ. ಅದರ ಬಗ್ಗೆ ನಿಷ್ಪಕ್ಷಪಾತವಾಗಿ ಹೇಳುವುದಾದರೆ, ಅದರಲ್ಲಿ ಕಾಲುವೆಗಳು ಬಹಳ ಇದ್ದವು. ಪ್ರತಿ ಕಾಲುವೆಯ ಉದ್ದ, ಅಗಲ, ಆಳ, ಇಳಿಜಾರು, ತೂಬುಗಳು. ಸಿಮೆಂಟಿನ ಮೇಲೆ ಒಂದು ಪೂರ್ತಿ ಅಧ್ಯಾಯವಿತ್ತು, ಗಟ್ಟಿಯಾಗಿತ್ತು. ಯಾವ ಮೇಲಧಿಕಾರಿ ಎಲ್ಲಿಂದ ಎಲ್ಲಿಗೆ ವರ್ಗವಾದರು, ಅವರ ಜಾಗಕ್ಕೆ ಯಾರು ಬಂದರು, ಬಂದವರು ಎಷ್ಟು ದಿನ ರಜೆ ಹಾಕಿದರು ಎಂಬುದೆಲ್ಲ ಮಹಾಕಾವ್ಯದ ವಿಸ್ತಾರದಲ್ಲಿತ್ತು. ನಡುವೆ ಒಂದೇ ಒಂದು ಅಧ್ಯಾಯ ನನ್ನನ್ನು ಎದ್ದು ಕೂರಿಸಿತು. ಅದು ಅವರ ಇಲಾಖೆಯ ಹಳೆಯ ಜೀಪಿನ ಮೇಲಿನದು. ಅದು ಏರಿನಲ್ಲಿ ನಿಂತುಬಿಡುತ್ತಿದ್ದ ರೀತಿ, ಇಳಿದು ಎರಡು ಮಾತು ಸಮಾಧಾನ ಹೇಳಿದರೆ ಮತ್ತೆ ಹೊರಡುತ್ತಿದ್ದ ರೀತಿ, ಕೊನೆಗೆ ಹರಾಜಿನಲ್ಲಿ ಯಾರೋ ಅದನ್ನು ಬಿಡಿಭಾಗಗಳಿಗಾಗಿ ಕೊಂಡುಕೊಂಡು ಹೋದದ್ದು. ಬಸವಂತರಾಯರು ಗೇಟಿನ ತನಕ ಅದರ ಹಿಂದೆ ನಡೆದು ಹೋದರಂತೆ. ಅಲ್ಲಿ ನನ್ನ ಕಣ್ಣು ಒದ್ದೆಯಾಯಿತು. ಒರೆಸಿಕೊಂಡ ಮೇಲೆ ಒಂದು ಅನುಮಾನ ಬಂದು, ಪುಸ್ತಕವನ್ನು ಮತ್ತೆ ಮೊದಲಿನಿಂದ ತಿರುವಿ ನೋಡಿದೆ. ಅವರ ಹೆಂಡತಿ ಆ ಇಡೀ ಪುಸ್ತಕದಲ್ಲಿ ಎರಡು ಕಡೆ ಬರುತ್ತಾರೆ. ಒಂದು ಕಡೆ, ಎಡದಂಡೆ ಕಾಲುವೆಯ ವರ್ಣನೆಯ ನಡುವೆ, ತಮ್ಮ ವಿವಾಹವೂ ಇದೇ ಅವಧಿಯಲ್ಲಿ ನೆರವೇರಿತು ಎಂಬ ಮಾತು. ಇನ್ನೊಂದು ಕಡೆ, ಅಣೆಕಟ್ಟು ನೋಡಲು ಬಂದ ದೊಡ್ಡ ಸಾಹೇಬರಿಗೆ ಮನೆಯಿಂದ ಅವಲಕ್ಕಿ ತರಿಸಿದ ಮಾತು. ಎರಡನೆಯದರಲ್ಲಿ ಹೆಂಡತಿ ಇದ್ದಾರೆಂಬುದು ನನ್ನ ಊಹೆ. ಅಲ್ಲಿ ಇದ್ದದ್ದು ಅವಲಕ್ಕಿ ಮಾತ್ರ.

ನನಗೆ ಸಿಟ್ಟು ಬಂತು. ಜೀಪಿಗೊಂದು ಅಧ್ಯಾಯ, ಹೆಂಡತಿಗೊಂದು ವಾಕ್ಯ. ಸ್ನೇಹಾ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ, ಆ ಮನೆಯಲ್ಲಿ ಹೆಂಗಸರು ಅವಲಕ್ಕಿಯ ಹಿಂದೆ ಇರುತ್ತಾರೆ ಎಂದು ತೀರ್ಮಾನಿಸಿದೆ. ಅವಳಿಗೆ ಮಾತ್ರ ಏನನ್ನೂ ಹೇಳಲಿಲ್ಲ. ಅವಳಿಗೆ ಆ ಹುಡುಗ ಬೇಕಾಗಿದ್ದ, ಹುಡುಗ ಒಳ್ಳೆಯವನೂ ಹೌದು. ಒಂದು ಪುಸ್ತಕದ ಆಧಾರದ ಮೇಲೆ ಮದುವೆ ಮುರಿಯುವುದು ನನ್ನಂಥವಳಿಗೂ ಅತಿಯೆನಿಸಿತು. ನಮ್ಮ ಮನೆಯವರ ಹತ್ತಿರ ಹೇಳಿಕೊಂಡಾಗ ಅವರು ಕಚೇರಿಯ ಟಿಪ್ಪಣಿ ಬರೆಸುವ ಧಾಟಿಯಲ್ಲಿ ನನಗೆ ಕೆಲವು ವಾಕ್ಯಗಳನ್ನು ತಯಾರು ಮಾಡಿಕೊಟ್ಟರು. ಕಾಗದ ಒಳ್ಳೆಯದು. ಅಚ್ಚಿನ ತಪ್ಪು ಕಡಿಮೆ. ಬಹಳ ಶ್ರಮಪಟ್ಟಿದ್ದೀರಿ. ಇಲಾಖೆಯ ಬಗ್ಗೆ ಇಷ್ಟು ವಿವರ ಬೇರೆಲ್ಲೂ ಸಿಗಲಾರದು. ಒಂದೂ ಸುಳ್ಳಲ್ಲ, ಒಂದೂ ಅಭಿಪ್ರಾಯವಲ್ಲ. ಅವರು ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದ್ದು ಸುಮ್ಮನೆ ಅಲ್ಲ ಎಂದು ಅಂದು ಗೊತ್ತಾಯಿತು.

ಆ ಭಾನುವಾರ ಲಕಡಿಕಾಪೂಲಿನಲ್ಲಿ ಮೆಟ್ರೋ ಹಿಡಿದು ಕೂಕಟ್‌ಪಲ್ಲಿಗೆ ಹೋದೆವು. ನಾನು, ನಮ್ಮ ಮನೆಯವರು, ಸುಧಾ, ಅವಳ ಗಂಡ. ದಾರಿಯುದ್ದಕ್ಕೂ ಆ ವಾಕ್ಯಗಳನ್ನು ಸುಧಾ ನನ್ನಿಂದ ಒಪ್ಪಿಸಿಕೊಂಡಳು. ಎದುರಿಗೆ ಕುಳಿತಿದ್ದ ತೆಲುಗು ಹೆಂಗಸು ನಮ್ಮನ್ನು ಪರೀಕ್ಷೆಗೆ ಹೊರಟವರೆಂದು ತಿಳಿದಿರಬೇಕು, ಇಳಿಯುವಾಗ ಒಂದು ಕನಿಕರದ ನಗು ನಕ್ಕಳು. ಬಸವಂತರಾಯರ ಫ್ಲ್ಯಾಟು ಮೆಟ್ರೋ ಹಳಿಯ ಎತ್ತರಕ್ಕೆ ಸರಿಯಾಗಿತ್ತು. ರೈಲು ಹೋದಾಗಲೆಲ್ಲ ಅದರ ಕಿಟಕಿಗಳಲ್ಲಿನ ಮುಖಗಳು ಇವರ ನಡುಮನೆಯೊಳಗೆ ಇಣುಕಿ ಹೋಗುತ್ತಿದ್ದವು. ಅವರ ಹೆಂಡತಿ ಶಾಂತಾಬಾಯಿಯವರು ಎತ್ತರದ, ತೆಳ್ಳಗಿನ, ಮಾತು ಕಡಿಮೆಯ ಹೆಂಗಸು. ಹುಡುಗಿ ನೋಡಲು ಬಂದಾಗಲೂ ಹೆಚ್ಚು ಮಾತಾಡಿರಲಿಲ್ಲ. ಅವಲಕ್ಕಿ ಚೂಡಾ ತಂದಿಟ್ಟರು, ನೀರು ತಂದಿಟ್ಟರು, ನಿಂತೇ ಇದ್ದರು. ಕುಳಿತುಕೊಳ್ಳಿರಿ ಎಂದರೆ ಇರಲಿ ಎಂದರು. ನನ್ನ ತೀರ್ಮಾನಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು ಎಂದುಕೊಂಡು ನಾನು ಚೂಡಾ ತಿಂದೆ.

ಚಹಾ ಬರುವ ಮೊದಲೇ ಬಸವಂತರಾಯರು ಕುರ್ಚಿಯನ್ನು ನನ್ನೆದುರಿಗೆ ಎಳೆದುಕೊಂಡು ಕೂತರು. ನಾನು ಕಾಗದದ ಬಗ್ಗೆ ಹೇಳಿದೆ. ಅವರು ತಲೆಯಾಡಿಸಿದರು. ಅಚ್ಚಿನ ಬಗ್ಗೆ ಹೇಳಿದೆ. ತಲೆಯಾಡಿಸಿದರು. ಶ್ರಮದ ಬಗ್ಗೆ ಹೇಳಿದೆ. ಸುಧಾಳ ಮುಖಕ್ಕೆ ಬಣ್ಣ ಬಂತು. ಇಲಾಖೆಯ ವಿವರದ ಬಗ್ಗೆ ಹೇಳಿ ಮುಗಿಸಿ ನಾನು ನೀರು ಕುಡಿದೆ. ಬಸವಂತರಾಯರು ಕುರ್ಚಿಗೆ ಒರಗಿ, "ಅಂದ್ರ ಪುಸ್ತಕ ಚಲೋ ಇಲ್ಲ," ಎಂದರು.

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಇಲ್ಲ ಎಂದು ಹಾರಿಬೀಳುತ್ತಿದ್ದರು. ನನಗೆ ಅದು ಒಬ್ಬ ಬುದ್ಧಿವಂತ ಓದುಗ ಹೇಳಿದ ಮಾತಿನಂತೆ ಕೇಳಿಸಿತು. ಮುಂದಿನದೆಲ್ಲ ತನ್ನಷ್ಟಕ್ಕೆ ತಾನೇ ಹೊರಬಂತು. ಕಾಲುವೆಗಳು ಅರ್ಧಕ್ಕರ್ಧ ಕಡಿಮೆಯಾಗಬೇಕಿತ್ತು ಎಂದೆ. ವರ್ಗಾವಣೆಗಳು ಯಾರಿಗೂ ಬೇಡ ಎಂದೆ. ಸುಧಾಳ ಕಾಲು ಬಂದು ನನ್ನ ಕಾಲ ಮೇಲೆ ನಿಂತಿತು. ಜೀಪಿನ ಅಧ್ಯಾಯ ಬಹಳ ಚೆನ್ನಾಗಿದೆ, ಅದನ್ನು ಓದಿ ಅತ್ತೆ ಎಂದೆ. ಕಾಲು ಸ್ವಲ್ಪ ಸಡಿಲವಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದ್ರ ರಾಯರ, ಜೀಪು ಐತಿ, ನಿಮ್ಮ ಮನಿಯವ್ರು ಎಲ್ಲಿದ್ದಾರ? ನಾ ಎರಡು ಸರ್ತಿ ಹುಡುಕೀನಿ, ಸಿಗಲಿಲ್ಲ," ಎಂದೆ.

ಒಂದು ಮೆಟ್ರೋ ರೈಲು ಬಂದು ಹೋಯಿತು. ವಿನಯ ಫ್ಯಾನಿನ ರೆಕ್ಕೆಗಳನ್ನು ನೋಡುತ್ತಿದ್ದ. ಸುಧಾಳ ಗಂಡ ಬಟ್ಟಲಿನಲ್ಲಿ ಉಳಿದಿದ್ದ ಶೇಂಗಾ ಒಂದನ್ನು ಬಹಳ ಹೊತ್ತು ಆರಿಸಿದ. ಬಸವಂತರಾಯರಿಗೆ ಸಿಟ್ಟು ಬಂದಿರುತ್ತದೆ ಎಂದು ನಾನು ತಲೆಯೆತ್ತಿದರೆ, ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಹೆಂಡತಿಯ ಕಡೆಗೆ, ವರ್ಷಗಟ್ಟಲೆ ನಡೆದ ಮೊಕದ್ದಮೆ ಗೆದ್ದವರ ಮುಖ ಮಾಡಿಕೊಂಡು ನೋಡುತ್ತಿದ್ದರು. ನಾನು ಹೇಳಿದ್ದೆನಲ್ಲ, ಈಗ ಇವರೂ ಅದನ್ನೇ ಕೇಳುತ್ತಿದ್ದಾರೆ ನೋಡು ಎಂದರು.

ಶಾಂತಾಬಾಯಿಯವರು ತಟ್ಟೆಯನ್ನು ಮೇಜಿನ ಮೇಲಿಟ್ಟು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಅಂದು ಅವರು ಕೂತದ್ದು ಆಗಲೇ.

"ನಾ ಇದ್ದೆ ರೀ, ಭಾಳ ಪುಟ ಇದ್ದೆ," ಎಂದರು. "ನಾನ ತೆಗೆಸೀನಿ."

ಯಾಕೆ ಎಂದು ನಾನು ಕೇಳುವ ಅಗತ್ಯ ಬೀಳಲಿಲ್ಲ. ಅವರು ಚಹಾ ಕೊಡುವಷ್ಟೇ ಸಾವಕಾಶವಾಗಿ ಹೇಳಿದರು. "ಡ್ಯಾಮಿನ ಕ್ಯಾಂಪಿಗೆ ಹೋದ ದಿನ ಇಕಿ ಕುಂತು ಅತ್ತಳು, ಅಡವ್ಯಾಗ ಒಂದಽ ಮನಿ ನೋಡಿ ಅಂಜಿಕೊಂಡು ಅತ್ತಳು ಅಂತ ಬರದಿದ್ರು. ನಾ ಅತ್ತಿದ್ದು ಖರೆ. ಅಂಜಿ ಅತ್ತಿದ್ದಲ್ಲ. ಹಿಂಗ ಎಲ್ಲಾ ಕಡಿ. ನಾ ನಕ್ಕಿದ್ದು ಇವ್ರು ನೋಡ್ಯಾರ, ಅತ್ತಿದ್ದು ನೋಡ್ಯಾರ, ಯಾಕ ಅಂತ ಇವ್ರಿಗೆ ತಿಳಿದಿಲ್ಲ. ತಿಳೀದಿದ್ದು ಬರೀಬ್ಯಾಡ್ರಿ, ತಗೀರಿ ಅಂದೆ."

ಗೆದ್ದ ಮುಖ ಬಸವಂತರಾಯರಿಂದ ನಿಧಾನವಾಗಿ ಇಳಿಯಿತು. ಆ ಅಳುವಿನ ಬಗ್ಗೆ ಅವರಿಗೆ ಯಾವ ಸಂಶಯವೂ ಇದ್ದಿರಲಿಲ್ಲವೆಂದು ಕಾಣುತ್ತದೆ. ಪುಟ ತೆಗೆಸಿದ್ದು ನಾಚಿಕೆಯಿಂದ ಎಂದೇ ತಿಳಿದಿದ್ದರಂತೆ. ನಾವೆಲ್ಲ ಅಲ್ಲಿರುವುದನ್ನು ಮರೆತವರ ಹಾಗೆ, "ಮತ್ತ ಯಾಕ ಅತ್ತಿದ್ದಿ?" ಎಂದು ಕೇಳಿದರು.

"ಚಹಾ ಆರತೈತಿ, ಕುಡೀರಿ," ಎಂದರು ಶಾಂತಾಬಾಯಿಯವರು.

ಎಲ್ಲರೂ ಕುಡಿದೆವು. ಆಮೇಲೆ ಅವರು ನನ್ನ ಕಡೆ ತಿರುಗಿ, ಕಾಲುವೆ ಜಾಸ್ತಿಯಾಯಿತು ಎಂದಿರಲ್ಲ, ಅದು ನಿಜ, ತಾವು ಹೇಳಿದರೂ ರಾಯರು ಕೇಳಲಿಲ್ಲ ಎಂದರು. ಜೀಪಿನದನ್ನು ನೀವು ಯಾಕೆ ತೆಗೆಸದೆ ಬಿಟ್ಟಿರಿ ಎಂದು ನಾನು ಕೇಳಿದೆ. ನನ್ನ ಧ್ವನಿ ಆಗಲೇ ಸಣ್ಣದಾಗಿತ್ತು. "ಅದು ಚಲೋ ಬರದಾರ್ರಿ," ಎಂದರು. "ಜೀಪು ಇವ್ರಿಗೆ ಪೂರಾ ಗೊತ್ತಿತ್ತು."

ಮರಳುವಾಗ ಅಮೀರ್‌ಪೇಟೆ ಬರುವವರೆಗೂ ಸುಧಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಆಮೇಲೆ ಮಾತಾಡಿದಳು. ಹುಡುಗನ ತಂದೆಗೆ ಪುಸ್ತಕ ಚೆನ್ನಾಗಿಲ್ಲ ಎಂದು ಹೇಳಿ, ತಾಯಿ ಪುಸ್ತಕದಲ್ಲಿಲ್ಲವೆಂಬ ಮಾತು ಎತ್ತಿ, ಮಂದಿಯ ಎದುರಿಗೆ ಗಂಡ ಹೆಂಡತಿಗೆ ಜಗಳ ಹಚ್ಚಿ ಬಂದ ಬೀಗಿತ್ತಿಯನ್ನು ತಾನು ಎಲ್ಲೂ ನೋಡಿಲ್ಲ, ಕಾದಂಬರಿಯಲ್ಲೂ ಇರಲಿಕ್ಕಿಲ್ಲ ಎಂದಳು. ಒಂದರಲ್ಲಿ ಇದ್ದಾಳೆ ಎಂದು ನನಗೆ ನೆನಪಾಯಿತು, ಸುಮ್ಮನಿದ್ದೆ. ಒಂದು ವಾರ ಆ ಕಡೆಯಿಂದ ಫೋನಿಲ್ಲ. ಈ ಕಡೆಯಿಂದ ಮಾಡಲು ಸುಧಾಳಿಗೆ ಮುಖವಿಲ್ಲ. ಸ್ನೇಹಾಳನ್ನು ಕೇಳಿದರೆ, ವಿನಯ ಏನೂ ಹೇಳಿಲ್ಲ, ಅವನ ಮನೆಯಲ್ಲಿ ಎಲ್ಲರೂ ಏನೋ ಯೋಚನೆಯಲ್ಲಿದ್ದಾರಂತೆ ಎಂದಳು. ಅವಳ ಮುಖ ಬಾಡಿತ್ತು. ಶಾಂತಾಬಾಯಿಯವರು ಹೇಳಿದ್ದನ್ನೆಲ್ಲ ನನ್ನಿಂದ ಮತ್ತೊಮ್ಮೆ ಹೇಳಿಸಿಕೊಂಡು ಕೇಳಿದಳು. ಆಮೇಲೆ, ಹಾಗಾದರೆ ಆ ಮನೆಯಲ್ಲಿ ಕತ್ತರಿ ಯಾರ ಕೈಯಲ್ಲಿದೆ ಎಂದು ಗೊತ್ತಾಯಿತಲ್ಲ ಎಂದಳು. ಆ ವಾರದಲ್ಲಿ ಅವಳು ನಕ್ಕದ್ದು ಅಷ್ಟೇ. ನನಗೆ ನಗುವುದಾಗಲಿಲ್ಲ. ಓದಿ ಮನೆತನ ತಿಳಿಯುತ್ತೇನೆಂದು ಹೋದವಳು ಅವಲಕ್ಕಿಯನ್ನು ಮಾತ್ರ ಓದಿ ಬಂದಿದ್ದೆ, ಅದರ ಬೆಲೆಯನ್ನು ಈ ಹುಡುಗಿ ಕೊಡಬೇಕಾಗಿ ಬಂದಿತ್ತು. ಆ ದಿನಗಳಲ್ಲಿ ನಾನು ಏನನ್ನೂ ಓದಲಿಲ್ಲ. ನನಗೆ ಜ್ವರವೇನೋ ಎಂದು ನಮ್ಮ ಮನೆಯವರು ಹಣೆ ಮುಟ್ಟಿ ನೋಡಿದರು.

ಕೊನೆಗೆ ಬಸವಂತರಾಯರ ಫೋನು ನನಗೇ ಬಂತು. ನಾನು ಕ್ಷಮೆಯ ವಾಕ್ಯವನ್ನು ಶುರು ಮಾಡಿದೆ. ಅವರು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಂದಿನಿಂದ ಹೆಂಡತಿಯನ್ನು ಕೇಳುತ್ತಲೇ ಇದ್ದಾರಂತೆ, ಆಕೆ ಹೇಳುವುದಿಲ್ಲವಂತೆ. ಇಷ್ಟೊಂದು ಕಾದಂಬರಿ ಓದಿದವರು ನೀವು, ಹೆಂಗಸರು ಯಾತಕ್ಕೆ ಅಳಬಹುದು ಎಂದು ನಿಮಗೆ ಅಂದಾಜು ಇರುತ್ತದಲ್ಲ ಎಂದು ಕೇಳಿದರು. ಆ ಗೌರವದ ಎದುರು ನಾನು ಕರಗಿಹೋದೆ. ತವರು ನೆನಪಾಗಿ ಅತ್ತಿರಬಹುದು ಎಂದೆ. ಅದು ಕೇಳಾಯಿತು, ಅಲ್ಲವಂತೆ ಎಂದರು. ಓದು ಅರ್ಧಕ್ಕೆ ನಿಂತದ್ದಕ್ಕೆ? ಆಕೆ ಆಗಲೇ ಪದವಿ ಮುಗಿಸಿದ್ದರಂತೆ. ಅತ್ತೆಯ ಮಾತಿಗೆ? ಅತ್ತೆ ಆ ಕ್ಯಾಂಪಿಗೆ ಬಂದೇ ಇರಲಿಲ್ಲವಂತೆ. ನನ್ನ ಜೀವಮಾನದ ಓದಿನಲ್ಲಿ ಕಂಡ ಅಳುಗಳನ್ನೆಲ್ಲ ಒಂದೊಂದಾಗಿ ಮುಂದಿಟ್ಟೆ, ಯಾವುದೂ ಹೊಂದಲಿಲ್ಲ. ಕೊನೆಗೆ ಧೈರ್ಯ ಮಾಡಿ ಲಗ್ನದ ಮಾತು ಏನಾಯಿತೆಂದು ಕೇಳಿದೆ.

"ಅದು ಅವತ್ತಽ ಆತಲ್ಲರಿ," ಎಂದರು ಅವರು, ಬೇರೆ ಯಾವುದೋ ಸಣ್ಣ ವಿಷಯ ಎತ್ತಿದಂತೆ. "ಇಕಿ ತಾರೀಖು ಸೈತ ನೋಡಿಸ್ಯಾಳ. ನಿಮ್ಮ ತಂಗಿಯವ್ರಿಗೆ ಹೇಳಿಲ್ಲೇನು?"

ಹೇಳಿರಲಿಲ್ಲ. ರಾಯರು ಹೇಳಿರುತ್ತಾರೆ ಎಂದು ಶಾಂತಾಬಾಯಿ, ಶಾಂತಾಬಾಯಿ ಹೇಳಿರುತ್ತಾಳೆ ಎಂದು ರಾಯರು, ವಿನಯನಿಗಂತೂ ಇಬ್ಬರೂ ಹೇಳಿರಲಿಲ್ಲ. ಒಬ್ಬರೊಡನೊಬ್ಬರು ಮಾತಾಡದೆ ಬರೀ ಊಹಿಸಿಕೊಂಡು ಸಂಸಾರ ಮಾಡುವ ಮನೆಗಳಲ್ಲಿ ಹೀಗಾಗುತ್ತದೆ. ನಮ್ಮ ಮನೆಯಲ್ಲೂ ಆಗುತ್ತದೆ. ಸುಧಾಳಿಗೆ ಫೋನು ಮಾಡಿ ಹೇಳಿದೆ. ಅವಳು ಅತ್ತಳು. ಯಾಕೆ ಎಂದು ನಾನು ಊಹಿಸಲು ಹೋಗಲಿಲ್ಲ.

ಮದುವೆ ಮೆಹದಿಪಟ್ಟಣದ ಒಂದು ಕಲ್ಯಾಣಮಂಟಪದಲ್ಲಿ ಚೆನ್ನಾಗಿ ಆಯಿತು. ಸ್ನೇಹಾ ಈಗ ಮೆಟ್ರೋ ಹಳಿಯ ಎತ್ತರದಲ್ಲಿ ಸುಖವಾಗಿದ್ದಾಳೆ. ಬಸವಂತರಾಯರು ಎರಡನೆಯ ಮುದ್ರಣಕ್ಕೆ ಕಾಲುವೆಗಳನ್ನು ಕಡಿಮೆ ಮಾಡುತ್ತಿದ್ದಾರೆ. ಶಾಂತಾಬಾಯಿಯವರು ಆಗಾಗ ನಮ್ಮ ಮನೆಗೆ ಬಂದು, ಕಪಾಟಿನ ಮುಂದೆ ನಿಂತು ಎಣ್ಣೆ ಕಲೆಯ ಪುಸ್ತಕಗಳನ್ನು ತಿರುವಿ, ಒಂದೆರಡು ಒಯ್ಯುತ್ತಾರೆ. ಕಿಟಕಿಯ ಕಾದಂಬರಿಯನ್ನು ಒಯ್ದವರು ಮರಳಿಸುವಾಗ, ಬರೆದವನಿಗೆ ಕಿಟಕಿ ಗೊತ್ತಿದೆ, ಆ ಮನುಷ್ಯ ಗೊತ್ತಿಲ್ಲ ಎಂದರು. ನಾನು ಕೊತ್ತಂಬರಿಯ ಮಾತು ಹೇಳಿ ನಗಿಸಬೇಕೆಂದಿದ್ದೆ, ಬಿಟ್ಟೆ. ಬಂದಾಗಲೆಲ್ಲ ನಾನು ಅದು ಇದು ಮಾತಿನ ನಡುವೆ ಡ್ಯಾಮಿನ ಕ್ಯಾಂಪನ್ನು ತಂದುಬಿಡುತ್ತಿದ್ದೆ. ಅವರು ಚಹಾಕ್ಕೆ ಸಕ್ಕರೆ ಸಾಲದೆನ್ನುತ್ತಿದ್ದರು. ಕಳೆದ ತಿಂಗಳು ಒಂದು ಮಧ್ಯಾಹ್ನ, ನಾನೇನೂ ಕೇಳದೆ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಾಗ, "ನೀವು ಬರೀತೀರೇನ್ರಿ?" ಎಂದರು. ಇಲ್ಲ, ಬರೀ ಓದುತ್ತೇನೆ ಎಂದೆ. ಹಾಗಾದರೆ ಹೇಳಬಹುದು ಎಂದು, ಆ ದಿನ ಯಾಕೆ ಅತ್ತರೆಂಬುದನ್ನು ಹೇಳಿದರು. ನಾಲ್ಕು ಮಾತಿನಲ್ಲಿ ಮುಗಿಯಿತು. ನನ್ನ ಊಹೆಗಳಲ್ಲಿ ಒಂದೂ ಅದರ ಹತ್ತಿರ ಸುಳಿದಿರಲಿಲ್ಲ. ಅದು ದುಃಖದ ಅಳುವೇ ಆಗಿರಲಿಲ್ಲ.

ಆಗ ನಾನು ಹೇಳಿದ್ದು ಸುಳ್ಳಲ್ಲ. ಅಲ್ಲಿಯವರೆಗೆ ನಾನು ಏನನ್ನೂ ಬರೆದಿರಲಿಲ್ಲ. ಅವರು ಹೋದ ಮೇಲೆ ಈ ಕಥೆಯನ್ನೆಲ್ಲ ಬರೆಯಬೇಕೆನಿಸಿತು. ಬರೆದು ಮುಗಿಸಿದ ಮೇಲೆ ಅಂಜಿಕೆಯಾಗಿ, ಹೋದ ವಾರ ಕೂಕಟ್‌ಪಲ್ಲಿಗೆ ಒಯ್ದು ಅವರ ಕೈಗೇ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು, ಎಲ್ಲೂ ನಗಲಿಲ್ಲ. ಅಳುವಿನ ಕಾರಣವಿದ್ದ ನಾಲ್ಕು ಸಾಲುಗಳನ್ನು ಹೊಡೆದುಹಾಕುತ್ತಾರೆಂದು ನಾನು ಸಿದ್ಧಳಾಗಿಯೇ ಹೋಗಿದ್ದೆ, ಹೊಡೆದುಹಾಕಿದರು. ಅದರ ಜೊತೆಗೆ, ಒಳ್ಳೆಯ ಓದುಗರೆಂದರೆ ಹೇಗಿರುತ್ತಾರೆ ಎಂದು ನನ್ನನ್ನೇ ಮನಸ್ಸಿನಲ್ಲಿಟ್ಟುಕೊಂಡು ಪ್ರೀತಿಯಿಂದ ಬರೆದಿದ್ದ ಎರಡು ಪುಟಗಳೂ ಹೋದವು. ಅವನ್ನು ಯಾಕೆ ತೆಗೆದಿರಿ ಎಂದು ಕೇಳಲು ಬಾಯಿ ತೆರೆದೆ. ಅವರು ನನ್ನ ಕಡೆಗೆ ಚಹಾ ಸರಿಸಿದರು.